ಗ್ಯಾರೇಜ್ ಮೇಲಿನ ಕೋಣೆ ಯಾಕೆ ಬೆಚ್ಚಗಾಗುವುದಿಲ್ಲ?

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜನವರಿ. ಹೀಟರ್ ಬಿಡುವಿಲ್ಲದೆ ಓಡುತ್ತಿದೆ. ಆದರೂ ಗ್ಯಾರೇಜ್ ಮೇಲಿನ ಕೋಣೆಗೆ ಕಾಲಿಟ್ಟರೆ ನೆಲ ಮಂಜುಗಡ್ಡೆ. ಊರಿಂದ ಬಂದ ಅಮ್ಮನಿಗೆ ಅದೇ ಕೋಣೆ ಕೊಟ್ಟಿದ್ದೆವು. ಪಾಪ, ಸಾಕ್ಸ್ ಮೇಲೆ ಸಾಕ್ಸ್ ಹಾಕಿಕೊಂಡು ಓಡಾಡುತ್ತಿದ್ದರು.

'ಬಿಸಿ ಮೇಲಕ್ಕೆ ಹೋಗುತ್ತದೆ, ನೆಲದಡಿ ಇನ್ಸುಲೇಷನ್ (ಬಿಸಿ ಹೊರಹೋಗದಂತೆ ತಡೆಯುವ ಹೊದಿಕೆ) ಯಾಕೆ?' ಎಂದು ಕೇಳುವವರಿದ್ದಾರೆ. ಮೇಲೇರುವುದು ಬಿಸಿ ಗಾಳಿ. ಆದರೆ ಬಿಸಿ ತಣ್ಣಗಿದ್ದ ಕಡೆಗೆಲ್ಲ ಹರಿಯುತ್ತದೆ, ಕೆಳಕ್ಕೂ ಸೇರಿ.

ತಮಾಷೆ ಅಂದರೆ, ನಮ್ಮಲ್ಲಿ ಇನ್ಸುಲೇಷನ್ ಇತ್ತು! ಗ್ಯಾರೇಜಿನ ಸೀಲಿಂಗ್ ಬಿಚ್ಚಿ ನೋಡಿದರೆ ಫೈಬರ್‌ಗ್ಲಾಸ್ ಹಾಸು ಜೋತು ಬಿದ್ದಿತ್ತು. ಮೇಲಿನ ಹಲಗೆಗೂ ಅದಕ್ಕೂ ನಡುವೆ ಮೂರು ಇಂಚು ಸಂದಿ. ಅಲ್ಲಿ ಹೊರಗಿನ ಗಾಳಿ ಆರಾಮಾಗಿ ಓಡಾಡುತ್ತಿತ್ತು. ಕಂಬಳಿಯೊಳಗೆ ಗಾಳಿ ನುಗ್ಗಿದರೆ ಹೊದ್ದೇನು ಪ್ರಯೋಜನ, ಅಲ್ವಾ?

ಹಾಗಾಗಿ ಮೊದಲು ಗಾಳಿ ತಡೆಯಿರಿ, ಹಾಸು ಆಮೇಲೆ ಕೊಳ್ಳಿ. ಗಾಳಿ ಬೀಸುವ ದಿನ ಮೇಲಿನ ಕೋಣೆಯಲ್ಲಿ ಗೋಡೆಯ ಬುಡದುದ್ದಕ್ಕೂ ಊದುಬತ್ತಿ ಹಿಡಿದು ನಡೆಯಿರಿ. ಹೊಗೆ ಬಾಗಿದ ಕಡೆ ತೂತಿದೆ. ಈ ಪರೀಕ್ಷೆ ಗ್ಯಾರೇಜಿನಲ್ಲಿ ಬೇಡ, ಅಲ್ಲಿ ಪೆಟ್ರೋಲ್ ಆವಿ ಇರುತ್ತದೆ.

ಕೆಳಗಿನಿಂದ ನೋಡುವಾಗ ಎರಡು ಜಾಗ ಮುಖ್ಯ. ಒಂದು, ತೊಲೆಗಳ ತುದಿ ಹೊರಗೋಡೆಗೆ ಸೇರುವ ಅಂಚು. ಇನ್ನೊಂದು, ಅದೇ ತೊಲೆಗಳು ಗೋಡೆ ದಾಟಿ ಮನೆಯೊಳಗೆ ಮುಂದುವರಿಯುವ ಜಾಗ. ಕಟ್ಟುವವರು ಇದನ್ನು ತೆರೆದೇ ಬಿಟ್ಟಿರುವುದುಂಟು. ತಣ್ಣನೆ ಗಾಳಿಯಷ್ಟೇ ಅಲ್ಲ, ಕಾರಿನ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಕೂಡ ಅಲ್ಲಿಂದಲೇ ಮನೆಯೊಳಗೆ ಬರಬಹುದು. ಪ್ರತಿ ಸಂದಿಗೂ ಎರಡು ಇಂಚಿನ ಗಟ್ಟಿ ಫೋಮ್ ಹಲಗೆ ಕತ್ತರಿಸಿ ಕೂರಿಸಿ. ಸುತ್ತ ಡಬ್ಬಿಯಿಂದ ಚಿಮ್ಮಿಸುವ ಕ್ಯಾನ್ ಫೋಮ್ ಹೊಡೆಯಿರಿ. ವೈರು, ಪೈಪು ಹಾದುಹೋಗುವ ತೂತುಗಳನ್ನೂ ಬಿಡಬೇಡಿ. ಹೀಟರಿನ ಗಾಳಿ ಒಯ್ಯುವ ಡಕ್ಟ್ ಕೊಳವೆಗಳ ಕೀಲುಗಳಿಗೆ ಬಟ್ಟೆ ಟೇಪ್ ನಂಬಬೇಡಿ, ಉದುರುತ್ತದೆ. ಮ್ಯಾಸ್ಟಿಕ್ ಎಂಬ ದಪ್ಪ ಅಂಟು ಬಳಿಯಿರಿ. ಇದು ಬೇಸರದ ಕೆಲಸ. ನನಗೆ ಎರಡು ವಾರಾಂತ್ಯ ಹಿಡಿಯಿತು. ಆದರೆ ಅರ್ಧ ಚಳಿ ಹೋಗಿದ್ದು ಇಲ್ಲೇ.

ಈಗ ಹಾಸು. ಅಮೆರಿಕದ ಮಾದರಿ ಮನೆ ಕಟ್ಟಡ ನಿಯಮ ಚಿಕಾಗೋ, ಮಿನಿಯಾಪೊಲಿಸ್ ಕಡೆಗೆ ನೆಲದಡಿ ಆರ್-30 ಎನ್ನುತ್ತದೆ (ಆರ್ ಅಂದರೆ ಬಿಸಿ ಹರಿಯದಂತೆ ತಡೆಯುವ ಶಕ್ತಿಯ ಅಳತೆ, ಹೆಚ್ಚಿದ್ದಷ್ಟೂ ಹೆಚ್ಚು ತಡೆ). ಡುಲುತ್‌ನಂಥ ಇನ್ನೂ ಚಳಿಯ ಊರಿಗೆ ಆರ್-38. ನಿಮ್ಮೂರಿನ ನಿಯಮ ಒಮ್ಮೆ ಕೇಳಿಕೊಳ್ಳಿ. ಹಾಸು ಮೇಲಿನ ಹಲಗೆಗೆ ಒತ್ತಿಕೊಂಡಿರಬೇಕು, ಆದರೆ ಹಿಸುಕಿ ತುರುಕಬಾರದು. ಕಾಗದ ಇರುವ ಮುಖ ಬೆಚ್ಚನೆ ಕಡೆಗೆ, ಅಂದರೆ ಮೇಲಕ್ಕೆ. ಬಹಳ ಜನ ಇದನ್ನು ಉಲ್ಟಾ ಹಾಕುತ್ತಾರೆ. ಜೋತು ಬೀಳದಂತೆ ತೊಲೆಗಳ ನಡುವೆ ತಂತಿ ಕಡ್ಡಿಗಳನ್ನು ಬಿಲ್ಲಿನ ಹಾಗೆ ಬಗ್ಗಿಸಿ ಸಿಕ್ಕಿಸಿ. ನೀರಿನ ಪೈಪ್ ಇದ್ದರೆ ಹಾಸು ಅದರ ಕೆಳಗೆ ಬರಲಿ. ಮೇಲೆ ತುಂಬಿದರೆ ಪೈಪ್ ಹೆಪ್ಪುಗಟ್ಟಿ ಒಡೆಯಬಹುದು.

ಮಾಸ್ಕ್, ಕನ್ನಡಕ, ತುಂಬು ತೋಳಿನ ಅಂಗಿ ಬೇಕೇಬೇಕು. ನಾನು ಟೀ ಶರ್ಟಿನಲ್ಲಿ ಶುರು ಮಾಡಿ ರಾತ್ರಿಯೆಲ್ಲ ತುರಿಸಿಕೊಂಡೆ.

ಕೊನೆಗೆ ಡ್ರೈವಾಲ್, ಅಂದರೆ ಸೀಲಿಂಗ್ ಮುಚ್ಚುವ ಜಿಪ್ಸಮ್ ಹಲಗೆ. ಕೆಳಗೆ ಕಾರು, ಮೇಲೆ ಜನ ಮಲಗುವ ಕೋಣೆ. ಅದಕ್ಕೇ ನಿಯಮ 5/8 ಇಂಚಿನ ಟೈಪ್ ಎಕ್ಸ್ ಹಲಗೆ ಕೇಳುತ್ತದೆ, ಅದು ಬೆಂಕಿಯನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಫೋಮ್ ಕಾಣುವ ಹಾಗೆ ಬಿಡಲೇಬೇಡಿ, ಅದು ಉರಿಯುವ ವಸ್ತು. ಹಲಗೆ ತುಂಬ ಭಾರ, ಇಬ್ಬರಾದರೂ ಬೇಕು. ಎತ್ತಿ ಹಿಡಿಯುವ ಲಿಫ್ಟ್ ಬಾಡಿಗೆಗೆ ಸಿಗುತ್ತದೆ. ಕೀಲುಗಳಿಗೆ ಟೇಪ್ ಹಾಕಿ, ಪೇಸ್ಟ್ ಬಳಿಯಿರಿ.

'ಇಷ್ಟೆಲ್ಲ ಯಾಕೆ, ಗ್ಯಾರೇಜ್ ಬಾಗಿಲಿಗೆ ಫೋಮ್ ಅಂಟಿಸಿದರೆ ಸಾಲದಾ?' ಎಂದು ಪಕ್ಕದ ಮನೆಯವರು ಕೇಳಿದರು. ಸ್ವಲ್ಪ ಅನುಕೂಲವೇನೋ ಆಗುತ್ತದೆ. ಆದರೆ ಕಾರು ತೆಗೆಯಲು ಬಾಗಿಲು ಒಮ್ಮೆ ಮೇಲೆದ್ದರೆ ಸಾಕು, ಊರ ಚಳಿಯೆಲ್ಲ ಒಳಗೆ.