ಟ್ಯಾಪ್ ಮಾಡೋದನ್ನ ಕಲಿತ ಮೇಲೆ

ಜಿಯು-ಜಿಟ್ಸು, ಅಂದರೆ ನೆಲದ ಮೇಲೆ ಹಿಡಿತ ಹಾಕಿ ಸೋಲಿಸುವ ಕುಸ್ತಿಯಂಥ ಆಟ, ಶುರು ಮಾಡಿ ಎಂಟನೇ ತಿಂಗಳು. ಮ್ಯಾಟ್ ಮೇಲೆ ಅಂಗಾತ ಬಿದ್ದಿದ್ದೆ. ನನ್ನ ಬಲಗೈ ಜೊತೆಗಾರನ ಎದೆಗೆ ಒತ್ತಿಕೊಂಡಿತ್ತು. ಅವನ ಒಂದು ಕಾಲು ನನ್ನ ಎದೆ ಮೇಲೆ, ಇನ್ನೊಂದು ಮುಖದ ಮೇಲೆ. ಆರ್ಮ್‌ಬಾರ್, ಅಂದರೆ ಮೊಣಕೈಯನ್ನು ಹಿಂದಕ್ಕೆ ಬಾಗಿಸುವ ಹಿಡಿತ, ಪೂರ್ತಿ ಕೂತಿತ್ತು. ಅವನು ಅವಸರ ಮಾಡಲಿಲ್ಲ. ಸೊಂಟವನ್ನು ನಿಧಾನಕ್ಕೆ ಎತ್ತುತ್ತಾ, ನಾನು ಟ್ಯಾಪ್ ಮಾಡಲಿ, ಅಂದರೆ ಕೈ ತಟ್ಟಿ ಸೋತೆ ಅನ್ನಲಿ ಅಂತ ಕಾಯುತ್ತಿದ್ದ. ನಾನು ಹಲ್ಲು ಕಚ್ಚಿ ತಡೆದೆ. ಇನ್ನೊಂದು ಚೂರು ತಡೆದುಕೊಂಡರೆ ಕೈ ಎಳೆದುಕೊಳ್ಳಬಹುದು ಅನ್ನಿಸಿತ್ತು. ಮೊಣಕೈ ಒಳಗಿಂದ ಟಕ್ ಅಂತ ಸದ್ದು ಬಂತು. ಅವನು ತಕ್ಷಣ ಬಿಟ್ಟ.

ಮೂಳೆ ಮುರಿದಿರಲಿಲ್ಲ, ಲಿಗಮೆಂಟ್‌ಗೆ ಪೆಟ್ಟಾಗಿತ್ತು. ಹತ್ತು ವಾರ ಮ್ಯಾಟ್ ಹತ್ತಲಿಲ್ಲ. ಬಕೆಟ್ ಎತ್ತಲು, ಬಾಗಿಲ ಚಿಲಕ ತೆಗೆಯಲು ಎಡಗೈಯೇ ಗತಿ. ವಾರಕ್ಕೆ 3 ಕ್ಲಾಸ್ ಲೆಕ್ಕದಲ್ಲಿ 30 ಕ್ಲಾಸ್ ಹೋಯಿತು. ಒಂದು ಟ್ಯಾಪ್ ಉಳಿಸೋಕೆ 30 ಕ್ಲಾಸ್!

ಆಗ ನನ್ನ ತಲೆಯಲ್ಲಿ ಇದ್ದದ್ದು 1951ರ ಆ ಹಳೇ ಪಂದ್ಯ. ಬ್ರೆಜಿಲ್‌ನ ಎಲಿಯೋ ಗ್ರೇಸಿ, ಜಪಾನಿನ ಮಸಾಹಿಕೋ ಕಿಮುರಾ. ಕಿಮುರಾ ಕೈ ತಿರುಚಿ ಹಿಡಿದರೂ ಎಲಿಯೋ ಟ್ಯಾಪ್ ಮಾಡಲಿಲ್ಲ. ಕೊನೆಗೆ ಅವರ ಕಡೆಯವರೇ ಟವೆಲ್ ಎಸೆದು ಪಂದ್ಯ ನಿಲ್ಲಿಸಿದರು. ಆ ಹಿಡಿತವನ್ನೇ ನಾವು ಇವತ್ತಿಗೂ ಕಿಮುರಾ ಅಂತ ಕರೆಯುವುದು. ಆ ಕಥೆ ಕೇಳಿದಾಗೆಲ್ಲ ಮೈ ಜುಮ್ ಅನ್ನುತ್ತಿತ್ತು, ಈಗಲೂ ಅನ್ನುತ್ತದೆ. ಆದರೆ ಅದು ಸಾವಿರಾರು ಜನರ ಮುಂದೆ ನಡೆದ ಪಂದ್ಯ. ನನ್ನದು ದಿನನಿತ್ಯದ ಅಭ್ಯಾಸ. ಎರಡೂ ಒಂದೇ ಅಲ್ಲ ಅಂತ ತಿಳಿಯೋಕೆ ಮೊಣಕೈ ನೋಯಬೇಕಾಯಿತು.

ವಾಪಸ್ ಹೋದ ದಿನ ಕೋಚ್ ಒಂದೇ ಮಾತು ಹೇಳಿದರು. "ಒಂದು ತಿಂಗಳು, ಹಿಡಿತ ಬಿಗಿಯೋ ಮುಂಚೆನೇ ಟ್ಯಾಪ್ ಮಾಡು. ಆಮೇಲೆ, ಎಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಜೊತೆಗಾರನನ್ನೇ ಕೇಳು." ನನ್ನ ಕಲಿಕೆ ನಿಜವಾಗಿ ಶುರುವಾದದ್ದು ಅಲ್ಲಿಂದ. ಕೇಳುತ್ತಾ ಹೋದಂತೆ ಒಂದು ವಿಷಯ ಗೊತ್ತಾಯಿತು. ಆರ್ಮ್‌ಬಾರ್‌ನಲ್ಲಿ ಕೈ ಹೋಗುವುದು ಕೊನೆಯಲ್ಲಿ ಅಲ್ಲ. ನನ್ನ ಮೊಣಕೈ ಪಕ್ಕೆ ಬಿಟ್ಟು ಆಚೆ ಹೋಗುತ್ತದಲ್ಲ, ಆಗಲೇ ಅರ್ಧ ಕೈ ಹೋದ ಹಾಗೆ. ಮೇಲಿದ್ದವನನ್ನು ಎರಡೂ ಕೈಯಿಂದ ದೂಡುವುದು ನನ್ನ ಚಾಳಿಯಾಗಿತ್ತು. ದೂಡಿದಾಗೆಲ್ಲ ಕೈ ನಾನೇ ಕೊಡುತ್ತಿದ್ದೆ. ಈಗ ಮೊಣಕೈ ಪಕ್ಕೆಗೆ ಅಂಟಿಸಿ, ಸೊಂಟವನ್ನು ಪಕ್ಕಕ್ಕೆ ಜಾರಿಸಿ ಜಾಗ ಮಾಡಿಕೊಳ್ಳುತ್ತೇನೆ. ಕ್ಲಾಸ್ ಮುಗಿದ ಮೇಲೆ 10 ನಿಮಿಷ ಇದೊಂದನ್ನೇ ಮಾಡುತ್ತೇವೆ: ಸೈಡ್ ಕಂಟ್ರೋಲ್ (ಜೊತೆಗಾರ ಪಕ್ಕದಿಂದ ಎದೆ ಮೇಲೆ ಒರಗಿ ಒತ್ತಿ ಹಿಡಿಯುವುದು) ಕೆಳಗಿಂದ ಶುರು, ಹೊರಗೆ ಬಂದರೆ ಮತ್ತೆ ಅಲ್ಲಿಂದಲೇ. ಸುಮ್ನೆ ಐದು ರೌಂಡ್ ರೋಲ್ (ಜೊತೆಗಾರನ ಜೊತೆ ಅಭ್ಯಾಸದ ಸೆಣಸಾಟ) ಮಾಡಿದ್ದಕ್ಕಿಂತ ಇದರಿಂದ ನನಗೆ ಜಾಸ್ತಿ ಉಪಯೋಗವಾಗಿದೆ.

ಯಾವಾಗ ಟ್ಯಾಪ್ ಮಾಡಬೇಕು ಅನ್ನುವುದು ಹಿಡಿತದ ಮೇಲೆ ಹೋಗುತ್ತದೆ. ಆರ್ಮ್‌ಬಾರ್ ನೋವು ಕೊಟ್ಟು ಎಚ್ಚರಿಸುತ್ತದೆ. ಹಿಮ್ಮಡಿ ಹಿಡಿದು ಕಾಲು ತಿರುಚುವ ಹೀಲ್ ಹುಕ್ ಹಾಗಲ್ಲ. ನೋವು ಗೊತ್ತಾಗುವಷ್ಟರಲ್ಲಿ ಮಂಡಿಯ ಲಿಗಮೆಂಟ್ ಹೋಗಿರಬಹುದು. ನನ್ನ ಹಿಮ್ಮಡಿ ಎದುರಿನವನಿಗೆ ಸರಿಯಾಗಿ ಸಿಕ್ಕಿತು ಅಂದರೆ ನಾನು ಕಾಯುವುದೇ ಇಲ್ಲ. ಚೋಕ್‌ನಲ್ಲಿ ಕತ್ತಿನ ಎರಡೂ ಬದಿಯ ರಕ್ತನಾಳ ಒತ್ತಿಹೋದರೆ ಸುಮಾರು 10 ಸೆಕೆಂಡಿಗೆ ಪ್ರಜ್ಞೆ ತಪ್ಪುತ್ತದೆ. ಉಸಿರು ಆಡುತ್ತಿದೆಯಲ್ಲ ಅಂತ ಧೈರ್ಯವಾಗಿ ಇರಬೇಡಿ. ಕೈ ಎರಡೂ ಸಿಕ್ಕಿಕೊಂಡಿದ್ದರೆ ಬಾಯಿಬಿಟ್ಟು 'ಟ್ಯಾಪ್' ಅನ್ನಿ, ಇಲ್ಲವೇ ಕಾಲಿನಿಂದ ಮ್ಯಾಟ್ ಬಡಿಯಿರಿ.

ಎರಡನೇ ಪಾಠ ಚರ್ಮದ್ದು. ಮುಂಗೈ ಮೇಲೆ ಒಂದು ಕೆಂಪು ಉಂಗುರ ಎದ್ದಿತ್ತು. ಅಂಚು ಉಬ್ಬಿ, ನಡುವೆ ಮಾತ್ರ ತಿಳಿಯಾಗಿತ್ತು. ಮನೆಯಲ್ಲಿದ್ದ ಯಾವುದೋ ಮುಲಾಮು ಹಚ್ಚಿದೆ. ತುರಿಕೆ ನಿಂತಿತು, ಉಂಗುರ ಮಾತ್ರ ದೊಡ್ಡದಾಗುತ್ತಾ ಹೋಯಿತು. ಡಾಕ್ಟರು ನೋಡಿದ ತಕ್ಷಣ ಹುಳುಕಡ್ಡಿ ಅಂದರು. ನಾನು ಹಚ್ಚಿದ್ದು ಸ್ಟೀರಾಯ್ಡ್ ಮುಲಾಮು. ಅದು ತುರಿಕೆ, ಕೆಂಪು ಎರಡನ್ನೂ ಅಡಗಿಸುತ್ತದೆ, ಫಂಗಸ್ ಮಾತ್ರ ಒಳಗೊಳಗೇ ಹಬ್ಬುತ್ತದೆ. ಸರಿಯಾದ ಔಷಧಿ ಹಚ್ಚಿದೆ, ಕಲೆ ಹೋದ ಮೇಲೂ ಡಾಕ್ಟರು ಹೇಳಿದಷ್ಟು ದಿನ ನಿಲ್ಲಿಸಲಿಲ್ಲ. ಆದರೆ ಅಷ್ಟು ಹೊತ್ತಿಗೆ ಎರಡು ವಾರ ಎಲ್ಲರ ಜೊತೆ ರೋಲ್ ಮಾಡಿ ಆಗಿತ್ತು. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿದೆ. ಒಬ್ಬನಿಗೆ ಕತ್ತಿನ ಮೇಲೆ ಆಗಲೇ ಎದ್ದಿತ್ತು. ಆ ಫೋನ್ ಕಾಲ್ ನನಗೆ ಮೊಣಕೈ ನೋವಿಗಿಂತ ಕಷ್ಟವಾಯಿತು.

ಅಂದಿನಿಂದ ಕ್ಲಾಸ್ ಮುಗಿದ ಕೂಡಲೇ ಸೋಪು ಹಾಕಿ ಸ್ನಾನ. ಗೀಯನ್ನು (ಅಭ್ಯಾಸಕ್ಕೆ ಹಾಕುವ ದಪ್ಪ ಉಡುಪು) ಪ್ರತಿ ಸಲ ಒಗೆದು ಪೂರ್ತಿ ಒಣಗಿಸುತ್ತೇನೆ. ಬೆಲ್ಟನ್ನೂ ಒಗೆಯುತ್ತೇನೆ. ಬೆಲ್ಟ್ ಒಗೆದರೆ ಕಲಿತದ್ದೆಲ್ಲ ತೊಳೆದುಹೋಗುತ್ತದೆ ಅನ್ನುವವರು ಇದ್ದಾರೆ, ಅವರ ಮಾತು ಕೇಳಬೇಡಿ. ಬರಿಗಾಲಲ್ಲಿ ಟಾಯ್ಲೆಟ್‌ಗೆ ಹೋಗಿ ಅದೇ ಕಾಲಲ್ಲಿ ಮ್ಯಾಟ್ ಹತ್ತುವುದಂತೂ ಬೇಡವೇ ಬೇಡ. ಉಗುರು ಕತ್ತರಿಸಿ ಅಂಚು ಉಜ್ಜಿಕೊಳ್ಳುತ್ತೇನೆ, ಕಾಲಿನದ್ದೂ ಸೇರಿ. ಮೈ ಮೇಲೆ ಹೊಸ ಕಲೆ, ಗುಳ್ಳೆ ಕಂಡರೆ ಡಾಕ್ಟರು ಸರಿ ಅನ್ನುವವರೆಗೆ ಮ್ಯಾಟ್ ಹತ್ತುವುದಿಲ್ಲ.

ಕಿವಿ ಉಜ್ಜಿ ಉಜ್ಜಿ ಊದಿಕೊಂಡು, ಮುಟ್ಟಿದರೆ ಮೆತ್ತಗೆ ಅನ್ನಿಸಿದರೆ ಒಳಗೆ ರಕ್ತ ಕಟ್ಟಿದೆ ಅಂತ. ಒಂದೆರಡು ದಿನದಲ್ಲೇ ಡಾಕ್ಟರ ಹತ್ತಿರ ತೆಗೆಸಿಬಿಡಿ. ತಡ ಮಾಡಿದರೆ ಅದು ಗಟ್ಟಿಯಾಗಿ, ಕಿವಿ ಹೂಕೋಸಿನ ಹಾಗೆ ಮುದುಡಿ ಹಾಗೇ ಉಳಿಯುತ್ತದೆ.

ಉಳಿದದ್ದು ನಿದ್ದೆ. ನಿದ್ದೆ ಕೆಟ್ಟ ದಿನ ನಾನು ಬರೀ ಡ್ರಿಲ್ ಮಾಡುತ್ತೇನೆ, ಅಂದರೆ ಒಂದೇ ಪಟ್ಟನ್ನು ಮತ್ತೆ ಮತ್ತೆ ಅಭ್ಯಾಸ ಮಾಡುತ್ತೇನೆ, ರೋಲಿಂಗ್ ಬಿಡುತ್ತೇನೆ. ಇಷ್ಟಕ್ಕೂ ಅವಸರ ಯಾಕೆ ಅಲ್ವಾ? ಬಿಳಿ ಬೆಲ್ಟ್‌ನಿಂದ ಕಪ್ಪು ಬೆಲ್ಟ್‌ಗೆ ತುಂಬಾ ಜನರಿಗೆ ಹತ್ತು ವರ್ಷದ ಹತ್ತಿರ ಹಿಡಿಯುತ್ತದೆ.

ಈಗ ನನಗೂ ಆರ್ಮ್‌ಬಾರ್ ಸಿಗುತ್ತದೆ. ಅವತ್ತು ಆ ಜೊತೆಗಾರ ಎತ್ತಿದ ಹಾಗೇ ಸೊಂಟ ನಿಧಾನಕ್ಕೆ ಎತ್ತುತ್ತೇನೆ. ಹೊಸಬರು ಹಲ್ಲು ಕಚ್ಚಿ ತಡೆಯುತ್ತಿದ್ದಾರೆ ಅಂತ ಗೊತ್ತಾದರೆ ನಾನೇ ಕೈ ಬಿಡುತ್ತೇನೆ. "ಇದು ಸಿಕ್ಕಿತ್ತು. ಬನ್ನಿ, ಮತ್ತೆ ಶುರು ಮಾಡೋಣ" ಅಂತ ಎದ್ದು ಕೂರುತ್ತೇನೆ.