ಅಲ್ಯೂಮಿನಿಯಂ ಕಿಟಕಿ, ಕಡಲ ಗಾಳಿ, ನನ್ನ ಹಿತ್ತಾಳೆ ಸ್ಕ್ರೂ

ಕಾರವಾರದಲ್ಲಿ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ ಮಾಡುವುದು ನನ್ನ ಕೆಲಸ. ಶುರುವಿನಲ್ಲಿ ಗಿರಾಕಿಗಳಿಗೆ ಒಂದೇ ಮಾತು ಹೇಳುತ್ತಿದ್ದೆ: "ತುಕ್ಕು ಹಿಡಿಯೋದಿಲ್ಲ, ಹಾಕಿ ಮರೆತುಬಿಡಿ."

ಆ ಮಾತು ಬಿಡಿಸಿದ್ದು ಇಲ್ಲಿನ ಕೋಡಿಬಾಗದ ಒಂದು ಕಿಟಕಿ. ನಿವೃತ್ತ ಅಕ್ಕೋರೊಬ್ಬರ (ಶಾಲೆಯ ಟೀಚರ್) ಮನೆ, ಕಡಲಿಗೆ ಮುಖ. ಎರಡು ಮಳೆಗಾಲ ಕಳೆದಿತ್ತು ಅಷ್ಟೇ, ಫೋನ್ ಬಂತು. "ತಮ್ಮಾ, ತುಕ್ಕು ಹಿಡಿಯೋದಿಲ್ಲ ಅಂದಿದ್ದೆ ಅಲ್ವಾ? ಒಮ್ಮೆ ಬಂದು ನೋಡು." ಹೋಗಿ ನೋಡಿದರೆ ಪ್ರತಿ ಸ್ಕ್ರೂವಿನಿಂದ ಕೆಂಪು ನೀರು ಇಳಿದ ಗುರುತು. ಸುತ್ತ ಬಣ್ಣ ಉಬ್ಬಿತ್ತು. ಉಗುರಿನಿಂದ ಕೆರೆದರೆ ಒಳಗೆ ಸುಣ್ಣದಂಥ ಬಿಳಿ ಪುಡಿ.

ತಪ್ಪು ಸ್ಕ್ರೂವಿನದು ಅಂದುಕೊಂಡೆ. ಅದು ಸರಿಯೇ. ಆದರೆ ನಾನು ಹುಡುಕಿದ ಮದ್ದು ರೋಗಕ್ಕಿಂತ ಕೆಟ್ಟದ್ದಾಯಿತು. ಕಬ್ಬಿಣದ ಸ್ಕ್ರೂ ತೆಗೆದು ಹಿತ್ತಾಳೆಯದು ಹಾಕಿದೆ. ಹಿತ್ತಾಳೆಗೆ ತುಕ್ಕಿಲ್ಲ, ಅಲ್ಯೂಮಿನಿಯಂಗೂ ಇಲ್ಲ, ಇನ್ನೇನು ಬೇಕು? ಮುಂದಿನ ಮಳೆ ಮುಗಿಯುವುದರೊಳಗೆ ತೂತುಗಳು ದೊಡ್ಡದಾಗಿ ಸ್ಕ್ರೂಗಳು ಕೈಯಲ್ಲೇ ಬರುತ್ತಿದ್ದವು. ಹಿತ್ತಾಳೆ ಮಾತ್ರ ಹೊಸದರ ಹಾಗೇ ಇತ್ತು.

ಆಮೇಲೆ ಗೊತ್ತಾಯಿತು. ಎರಡು ಬೇರೆ ಲೋಹ ತಾಗಿಕೊಂಡು, ನಡುವೆ ಉಪ್ಪುನೀರು ಕೂತರೆ ಅದೊಂದು ಬ್ಯಾಟರಿ. ಅದರಲ್ಲಿ ಒಂದು ಲೋಹ ಸವೆಯುತ್ತದೆ, ಇನ್ನೊಂದು ಉಳಿಯುತ್ತದೆ. ತಾಮ್ರ, ಹಿತ್ತಾಳೆ, ಕಬ್ಬಿಣ ಯಾವುದರ ಜೊತೆ ಸೇರಿದರೂ ಸವೆಯುವ ಪಾಳಿ ಅಲ್ಯೂಮಿನಿಯಂನದೇ. ತಾಮ್ರದ ಅಂಶ ಇದ್ದರಂತೂ ಬೇಗ. ಹಿತ್ತಾಳೆ ಅಂದರೆ ತಾಮ್ರ, ಸತು ಸೇರಿದ್ದು ತಾನೇ.

ತುಕ್ಕು ಹಿಡಿಯೋದಿಲ್ಲ ಅನ್ನುವುದು ಸುಳ್ಳಲ್ಲ. ಅಲ್ಯೂಮಿನಿಯಂಗೆ ಗಾಳಿ ತಾಗಿದ ಕೂಡಲೇ ಮೈಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ. ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲೂ ಇಲ್ಲ, ಆದರೆ ಗಟ್ಟಿ. ಕಬ್ಬಿಣದ ತುಕ್ಕು ಉದುರಿ ಒಳಗಿನದನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. ಇದು ಅಂಟಿಕೊಂಡೇ ಇರುತ್ತದೆ, ಗೀರಿದರೂ ತಾನೇ ಕೂಡಿಕೊಳ್ಳುತ್ತದೆ. ಆನೋಡೈಸ್ ಮಾಡುವುದೆಂದರೆ ಇದೇ ಪದರವನ್ನು ಕರೆಂಟು ಕೊಟ್ಟು ದಪ್ಪ ಮಾಡುವುದು. ಕಡಲಂಚಿನ ಮನೆಗೆ ನಾನು 25 ಮೈಕ್ರಾನ್ ದಪ್ಪದ ಪದರ ಕೇಳಿ ತರಿಸುತ್ತೇನೆ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಉಪ್ಪು ಒಂದೇ ಕಡೆ ಕೂತರೆ ಈ ಪದರಕ್ಕೂ ಚುಕ್ಕಿ ಚುಕ್ಕಿಯಾಗಿ ತೂತು ಬೀಳುತ್ತದೆ.

ಉಪ್ಪು ಕೂರುವುದು ಎಲ್ಲಿ ಅಂದುಕೊಂಡಿರಿ? ಮಳೆ ಬಡಿಯುವ ಕಿಟಕಿಯಲ್ಲಿ ಅಲ್ಲ. ಅದನ್ನು ಮಳೆಯೇ ತೊಳೆದುಬಿಡುತ್ತದೆ. ಸಜ್ಜದ ಕೆಳಗೆ ಮಳೆ ತಾಗದ ಕಿಟಕಿ ಮೊದಲು ಹಾಳಾಗುತ್ತದೆ. ಇದನ್ನು ನಂಬಲು ನನಗೇ ನಾಲ್ಕು ಮನೆ ನೋಡಬೇಕಾಯಿತು. ಈಗ ಬಿಲ್ಲಿನ ಜೊತೆ ಹೇಳಿಬಿಡುತ್ತೇನೆ: ತಿಂಗಳಿಗೊಮ್ಮೆ ಬಾವಿ ನೀರು ಹಾಕಿ ಒರೆಸಿ.

ಸ್ಕ್ರೂ ಈಗ ಉಪ್ಪುಗಾಳಿ ತಡೆಯುವ 316 ನಂಬರಿನ ಸ್ಟೇನ್‌ಲೆಸ್ ಸ್ಟೀಲಿನದು ಮಾತ್ರ, ತಲೆಯ ಕೆಳಗೆ ನೈಲಾನ್ ವಾಷರ್. ಸ್ಟೇನ್‌ಲೆಸ್ಸೂ ಬೇರೆ ಲೋಹವೇ, ಆದರೆ ಅಷ್ಟು ದೊಡ್ಡ ಚೌಕಟ್ಟಿಗೆ ಸಣ್ಣ ಸ್ಕ್ರೂ, ಹಾಗಾಗಿ ಪೆಟ್ಟು ಕಡಿಮೆ. ಕೆಳಗಿನ ಟ್ರ್ಯಾಕಿಗೆ ನೀರು ಹೋಗುವ ತೂತು ಕೊರೆಯುತ್ತೇನೆ. ಗೋಡೆಗೂ ಚೌಕಟ್ಟಿಗೂ ನಡುವೆ ಸಂದು ಬಿಟ್ಟು ಸಿಲಿಕೋನ್ ತುಂಬುತ್ತೇನೆ. ಬಿಸಿಲಿಗೆ ಈ ಲೋಹ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. 12 ಅಡಿ ಪಟ್ಟಿ 40 ಡಿಗ್ರಿ ಬಿಸಿಯೇರಿದರೆ ಸುಮಾರು 3 ಮಿಲಿಮೀಟರ್ ಉದ್ದ. ಬಿಗಿಯಾಗಿ ಕೂರಿಸಿದರೆ ಎಲ್ಲಿಗೆ ಹೋದೀತು? ಡೊಂಕಾಗುತ್ತದೆ.

ಗಾರೆಯವರ ಜೊತೆ ನನ್ನ ಜಗಳ ಇನ್ನೂ ಮುಗಿದಿಲ್ಲ. ಹಸಿ ಸಿಮೆಂಟ್ ಕ್ಷಾರ, ಅದು ಈ ಪದರವನ್ನು ತಿನ್ನುತ್ತದೆ. ಒಣಗಿದ ಮೇಲೆ ಉಜ್ಜಿದರೆ ಕಲೆ ಹೋಗುವುದಿಲ್ಲ. ಗಿಲಾವು ಮುಗಿಯದೆ ಚೌಕಟ್ಟು ಕೂರಿಸುವುದಿಲ್ಲ ಅಂತ ಈಗ ಹಟ ಹಿಡಿದಿದ್ದೇನೆ.

ಹುಳಿಯೂ ಹಾಗೆಯೇ. ಅಮ್ಮ ಮುರುಗಲು ಹುಳಿಯ ಸಾರು ಕುದಿಸಿದ ದಿನ ಕಪ್ಪಾಗಿದ್ದ ಅಲ್ಯೂಮಿನಿಯಂ ಪಾತ್ರೆ ಒಳಗೆ ಫಳಫಳ ಹೊಳೆಯುತ್ತಿತ್ತು. ಹುಳಿ ಮೇಲಿನ ಪದರ ತಿಂದು ಸಾರಿಗೆ ಸೇರಿಸಿತ್ತು. ಈಗ ಆ ಪಾತ್ರೆ ನೀರು ಕಾಯಿಸಲಿಕ್ಕೆ.

ಸಿರ್ಸಿಯಲ್ಲಿರುವ ಭಾವ ಒಮ್ಮೆ ಅಡಿಕೆ ಕೊಯ್ಯಲು ಅಲ್ಯೂಮಿನಿಯಂ ದೋಟಿ ಮಾಡಿಕೊಡು ಅಂದ. ಅದೇ ಅಳತೆಯ ಕಬ್ಬಿಣದ ಮೂರರಲ್ಲೊಂದು ಪಾಲು ತೂಕ, ಆಸೆ ಸಹಜವೇ. ಆದರೆ ಅವನ ತೋಟದ ಮೇಲೆ ಕರೆಂಟಿನ ತಂತಿ ಹಾದಿದೆ. ಆ ತಂತಿಯೂ ಅಲ್ಯೂಮಿನಿಯಮ್ಮೇ, ಯಾಕೆಂದರೆ ಕರೆಂಟು ಚೆನ್ನಾಗಿ ಹರಿಯುತ್ತದೆ. ದೋಟಿ ತಾಗಿದರೆ ಅದರಲ್ಲೂ ಅಷ್ಟೇ ಚೆನ್ನಾಗಿ ಹರಿಯುತ್ತದೆ. ಆಗುವುದಿಲ್ಲ ಅಂದೆ. ಸ್ವಲ್ಪ ದಿನ ಮಾತು ಬಿಟ್ಟಿದ್ದ.

ಅಕ್ಕೋರ ಮನೆಯ ಕಿಟಕಿಯನ್ನು ಕೊನೆಗೆ ನನ್ನ ಖರ್ಚಿನಲ್ಲೇ ಬದಲಿಸಿದೆ. ಮೊನ್ನೆ ಹೋದಾಗ ಚೌಕಟ್ಟು, ಸ್ಕ್ರೂ ಎಲ್ಲ ಸರಿ ಇತ್ತು, ಕಿಟಕಿ ಬಾಗಿಲು ಮಾತ್ರ ಸರಿಯುತ್ತಿರಲಿಲ್ಲ. ರೋಲರಿನ ಬೇರಿಂಗ್ ಕಬ್ಬಿಣದ್ದು, ಪೂರ್ತಿ ತುಕ್ಕು. ಅದೊಂದು ನೆನಪಾಗಿರಲಿಲ್ಲ. ನೈಲಾನ್ ಚಕ್ರ ಹಾಕಿಕೊಟ್ಟು, ಅವರು ಕೊಟ್ಟ ಚಾ ಕುಡಿದು ಬಂದೆ.