ರಿಪೋರ್ಟಲ್ಲಿ ಎಚ್ ಕಂಡ ಕೂಡ್ಲೇ ಅನ್ನ ಬಿಡ್ಬೇಡಿ

ಹೋದ ತಿಂಗಳು ಸಿರ್ಸಿಯಿಂದ ಆಯಿ, ಅಂದ್ರೆ ನಮ್ಮಮ್ಮನ ಫೋನು. "ತಂಗೀ, ಸಕ್ರೆ ಎದ್ರಿಗೆ ಎಚ್ ಅಂತ ಇದ್ದು, ಎಂತ ಹೇಳಿ ನೋಡೆ." ಲ್ಯಾಬಿನ ಆರು ಪುಟದ ಪಿಡಿಎಫ್ ನನ್ನ ವಾಟ್ಸಾಪಿಗೆ ಬರೋದ್ರೊಳಗೆ ಪಕ್ಕದ ಮನೆ ಅತ್ತೆ ಅನ್ನ ಬಿಡ್ಸಿ ಆಗಿತ್ತು, ಇನ್ಯಾರೋ ಹಾಗಲಕಾಯಿ ಜ್ಯೂಸ್ ಶುರು ಮಾಡ್ಸಿದ್ರು. ಎಚ್ ಅಂದ್ರೆ ಹೈ, ಎಲ್ ಅಂದ್ರೆ ಲೋ, ಅಲ್ಲಿ ಕೊಟ್ಟಿರೋ ರೇಂಜಿಗಿಂತ ಮೇಲೆ ಅಥ್ವಾ ಕೆಳಗೆ ಅಂತ, ಅಷ್ಟೇ, ಕಾಯಿಲೆ ಹೆಸ್ರಲ್ಲ ಅದು.

ಓದೋಕೆ ಮುಂಚೆ ಮೊದ್ಲು ರಕ್ತ ಕೊಟ್ಟ ಬೆಳಿಗ್ಗೆ ನೆನಪು ಮಾಡ್ಕೊಳ್ಳಿ. ಫಾಸ್ಟಿಂಗ್ ಶುಗರ್ ಅಂದ್ರೆ ಕನಿಷ್ಠ 8 ತಾಸು ನೀರು ಬಿಟ್ಟು ಬೇರೆ ಏನೂ ಹೊಟ್ಟೆಗೆ ಹೋಗಿರ್ಬಾರ್ದು. ಆಯಿನ ಕೇಳಿದ್ರೆ "ಏನೂ ತಿಂದಿಲ್ಲ" ಅಂದ್ಲು, ಚಾ ಕುಡಿದ್ಯಾ ಅಂದ್ರೆ ಇಲ್ಲ, ಆಮೇಲೆ ಮೆಲ್ಲಗೆ "ಬಸ್ಸಿಗೆ ಹೋಗೋ ಮುಂಚೆ ಒಂದು ಲೋಟ ಕಷಾಯ" ಅಂತ ಹೊರಗೆ ಬಂತು. ನಮ್ಮ ಕಡೆ ಕಷಾಯ ಅಂದ್ರೆ ಬೆಲ್ಲ, ಹಾಲು ಎರಡೂ ಬಿದ್ದಿರತ್ತೆ ನೋಡಿ! ರಿಪೋರ್ಟಲ್ಲಿ ಎಚ್ ಅಂತಿದ್ದ ಅವಳ 118 ಫಾಸ್ಟಿಂಗೇ ಅಲ್ಲ.

ಆಮೇಲೆ ಹೆಸ್ರು, ವಯಸ್ಸು, ತಾರೀಕು ನೋಡಿ. ನಗ್ಬೇಡಿ, ನಮ್ಮಲ್ಲಿ ಒಂದೇ ಕೇರಿಲಿ ನಾಲ್ಕು ಗಣಪತಿ ಹೆಗಡೆ ಇರ್ತಾರೆ.

ಈಗ ನಂಬರಿಗೆ ಬನ್ನಿ. ಪಕ್ಕದಲ್ಲಿರೋ ಯೂನಿಟ್ಟು, ರೇಂಜು ಎರಡನ್ನೂ ಓದ್ಲೇಬೇಕು, ವಿಟಮಿನ್ ಡಿ ಒಂದು ಕಡೆ 20 ನ್ಯಾನೋಗ್ರಾಂ ಅಂತಿದ್ರೆ ಇನ್ನೊಂದು ಯೂನಿಟ್ಟಲ್ಲಿ ಅದೇ 50 ನ್ಯಾನೋಮೋಲ್ ಆಗತ್ತೆ, ಎರಡೂ ಒಂದೇ. ರೇಂಜನ್ನ ಸಾಮಾನ್ಯವಾಗಿ ಆರೋಗ್ಯವಾಗಿರೋ ನೂರು ಜನರಲ್ಲಿ 95 ಮಂದಿ ಒಳಗೆ ಬರೋ ಹಾಗೆ ಇಟ್ಟಿರ್ತಾರೆ, ಅಂದ್ರೆ 20ರಲ್ಲಿ ಒಬ್ರು ಏನೂ ಆಗದೇನೇ ಹೊರಗೆ. ಫುಲ್ ಬಾಡಿ ಪ್ಯಾಕೇಜ್ ಅಂತ ಅರವತ್ತು ಟೆಸ್ಟ್ ಮಾಡ್ಸಿದ್ರೆ ಒಂದೆರಡು ಗೆರೆ ದಾಟ್ದೇ ಇದ್ರೇನೇ ಆಶ್ಚರ್ಯ.

ಸಕ್ಕರೆ ಲೆಕ್ಕ ಮಾತ್ರ ಬೇರೆ, ಅಲ್ಲಿ ಗೆರೆ ಎಳೆದಿರೋದು ಕಾಯಿಲೆ ನೋಡಿಕೊಂಡೇ. ಫಾಸ್ಟಿಂಗ್ 100ರ ಒಳಗಿದ್ರೆ ಸರಿ, 100ರಿಂದ 125 ಹುಷಾರಾಗಿರಿ, 126 ಮುಟ್ಟಿದ್ರೆ ಇನ್ನೊಂದ್ಸಲ ಟೆಸ್ಟ್ ಮಾಡಿಸಿ ಖಾತ್ರಿ ಮಾಡ್ತಾರೆ. ಎಚ್‌ಬಿಎ1ಸಿ ಅನ್ನೋದು ಸುಮಾರು ಮೂರು ತಿಂಗಳ ಸರಾಸರಿ, ಯಾಕಂದ್ರೆ ಕೆಂಪು ರಕ್ತಕಣದ ಆಯುಷ್ಯ ಹತ್ತಿರ ಹತ್ತಿರ 120 ದಿನ, 5.7ರ ಕೆಳಗೆ ಸರಿ, 6.5 ಮುಟ್ಟಿದ್ರೆ ಡಯಾಬಿಟಿಸ್. ಬೆಳಿಗ್ಗೆ ಕುಡಿದ ಕಷಾಯಕ್ಕೆ ಅದು ಅಲ್ಲಾಡಲ್ಲ, ಆಯಿದು 5.5 ಇತ್ತು. ಆದ್ರೆ ಹಿಮೋಗ್ಲೋಬಿನ್ ಹೆಂಗಸರಿಗೆ 12, ಗಂಡಸರಿಗೆ 13ಕ್ಕಿಂತ ಕಮ್ಮಿ ಇದ್ರೆ ಎ1ಸಿನೂ ದಾರಿ ತಪ್ಪಿಸ್ಬಹುದು, ಕಬ್ಬಿಣಾಂಶ ಕೊರತೆ ಇದ್ದೋರಿಗೆ ಇರೋದಕ್ಕಿಂತ ಜಾಸ್ತಿ ತೋರ್ಸತ್ತೆ.

ಹಳೇ ರಿಪೋರ್ಟ್ ತೆಗೆದು ಪಕ್ಕ ಇಟ್ಕೊಳ್ಳಿ. ಆಯಿದು ಅಡಿಕೆ ಸೊಸೈಟಿ ಪಟ್ಟಿ ಜೊತೆ ಪ್ಲಾಸ್ಟಿಕ್ ಚೀಲದಲ್ಲಿತ್ತು. ಹಿಮೋಗ್ಲೋಬಿನ್ ಹತ್ತು ವರ್ಷದಿಂದ 11.8 ಇರೋದು ಒಂದು ಕತೆ, ಹೋದ ವರ್ಷ 13.5 ಇದ್ದಿದ್ದು ಈಗ 11.8 ಆಗಿದ್ರೆ ಬೇರೆ ಕತೆ, ರಕ್ತ ಎಲ್ಲಿ ಹೋಗ್ತಿದೆ ಅಂತ ಹುಡುಕ್ಲೇಬೇಕು.

ವಿಟಮಿನ್ ವಿಷಯ. ಬಿ12 ಸೊಪ್ಪು ತರಕಾರೀಲಿ ಸಿಗಲ್ಲ, ಎಷ್ಟು ತಂಬುಳಿ ಕುಡಿದ್ರೂ ಅದ್ರಲ್ಲಿರೋ ಮಜ್ಜಿಗೆಯಿಂದ ಬಂದಷ್ಟೇ. ಕಾರವಾರ, ಅಂಕೋಲಾ ಕಡೆ ಬಂಗಡೆ, ತಾರ್ಲೆ ತಿನ್ನೋರಿಗೆ ಬಿ12, ಡಿ ಎರಡೂ ಮೀನಲ್ಲೇ ಸಿಗತ್ತೆ, ಘಟ್ಟದ ಮೇಲಿನ ಸಸ್ಯಾಹಾರಿಗಳಿಗೆ ಹಾಲು ಮೊಸರೇ ಗತಿ. ವರ್ಷಗಟ್ಲೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳೋರಲ್ಲೂ ಬಿ12 ಇಳೀಬಹುದು, ಡಾಕ್ಟ್ರ ಹತ್ರ ಕೇಳಿ. ಡಿ ಮಾತ್ರ ಸ್ವಂತ ಬುದ್ಧಿಗೆ ಬಿಡ್ಬೇಡಿ. 60,000 ಯೂನಿಟ್ಟಿನ ಪೊಟ್ಟಣ ಸಾಮಾನ್ಯವಾಗಿ ವಾರಕ್ಕೊಂದು ಬರೆದುಕೊಡ್ತಾರೆ, ನಮ್ಮ ಪರಿಚಯದೋರೊಬ್ರು ದಿನಕ್ಕೊಂದು ಹಾಲಿಗೆ ಹಾಕ್ಕೊಂಡು ಕುಡೀತಿದ್ರು! ಜಾಸ್ತಿ ಆದ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಸುಸ್ತು, ಕಿಡ್ನಿಗೂ ಪೆಟ್ಟು. ಕೂದ್ಲು ಉದ್ರತ್ತೆ ಅಂತ ಬಯೋಟಿನ್ ಮಾತ್ರೆ ನುಂಗ್ತಿದ್ರೆ ಲ್ಯಾಬಲ್ಲಿ ಮೊದ್ಲೇ ಹೇಳಿ, ಥೈರಾಯ್ಡ್ ರಿಪೋರ್ಟು ಸುಳ್ಳು ತೋರ್ಸಬಹುದು.

ಇಷ್ಟೆಲ್ಲ ಹೆದರ್ಬೇಡಿ ಅಂದೆ, ಆದ್ರೆ ಜ್ವರ ಇದ್ದು ಪ್ಲೇಟ್‌ಲೆಟ್ ಒಂದೂವರೆ ಲಕ್ಷದ ಕೆಳಗೆ ಇಳಿದಿದ್ರೆ ಮನೇಲಿ ಕೂತು ಗೂಗಲ್ ಮಾಡ್ಬೇಡಿ. ಡೆಂಗ್ಯೂ ಇರ್ಬಹುದು, ಸಿದ್ದಾಪುರ ಕಡೆ ಉಣುಗು (ಉಣ್ಣೆ ಹುಳ) ಕಚ್ಚಿ ಬರೋ ಮಂಗನ ಕಾಯಿಲೆನೂ ಇದೆ, ಅದಕ್ಕೆ ದರಕಿಗೆ (ಒಣ ಎಲೆ ತರೋಕೆ) ಕಾಡಿಗೆ ಹೋಗಿದ್ದು, ಉಣುಗು ಕಚ್ಚಿದ್ದು ಡಾಕ್ಟ್ರು ಕೇಳದಿದ್ರೂ ನೀವಾಗೇ ಹೇಳಿ.

ಆಯಿ ಮುಂದಿನ ವಾರ ಮತ್ತೆ ರಕ್ತ ಕೊಟ್ಲು, 96 ಬಂತು. ಈ ಸಲ ಕಷಾಯನ ಥರ್ಮಾಸಲ್ಲಿ ತಗೊಂಡು ಹೋಗಿದ್ಲಂತೆ, ಸೂಜಿ ತೆಗೆದ ಕೂಡ್ಲೇ ಅಲ್ಲೇ ಬೆಂಚ್ ಮೇಲೆ ಕೂತು ಕುಡಿದು ಬಂದ್ಲು.